ಹಳೆಯ ಕಾರ್ಖಾನೆ ಜಾಗದಲ್ಲಿ ಬಡಾವಣೆ: ಕಾರುಗಳ ಜೊತೆ ಜಗಳ

ಈ ವಿಡಿಯೊದಲ್ಲಿ ಹಳೆಯ ಕಾರ್ಖಾನೆ ಜಾಗಕ್ಕೊಂದು ಬಡಾವಣೆಯ ರಟ್ಟಿನ ಮಾದರಿ ಮಾಡುತ್ತಿದ್ದೇನೆ. ರಟ್ಟು ಕತ್ತರಿಸುವುದನ್ನು ನೀವೇ ನೋಡುತ್ತಿದ್ದೀರಿ, ವಿವರಿಸಲು ಹೋಗುವುದಿಲ್ಲ. ಬೂದು ಹಾಳೆ ಎಂದರೆ ಮುಚ್ಚಿಹೋದ ಕಾರ್ಖಾನೆಯ ಜಾಗ, ಬಿಳಿ ತುಂಡುಗಳು ಮೂರು ನಾಲ್ಕು ಮಹಡಿಯ ಮನೆಗಳು. ಬಾಗಿಲುಗಳೆಲ್ಲ ಬೀದಿಗೇ ತೆರೆಯಬೇಕು. ಉದ್ದನೆಯ ಕಾಂಪೌಂಡ್ ಗೋಡೆಯ ಪಕ್ಕ ಯಾರು ಖುಷಿಯಿಂದ ನಡೆಯುತ್ತಾರೆ ಹೇಳಿ?

ಕೆಂಪು ಚುಕ್ಕೆ ಇರುವಲ್ಲಿ ಹಿಂದೆ ಎಣ್ಣೆಯ ಟ್ಯಾಂಕುಗಳಿದ್ದವು. ಆದ್ದರಿಂದ ಮಣ್ಣಿನ ಪರೀಕ್ಷೆ ಮೊದಲು, ಮಿಕ್ಕಿದ್ದೆಲ್ಲ ಆಮೇಲೆ. ಕೆಟ್ಟ ಮಣ್ಣನ್ನು ಸಾಗಿಸಬೇಕು, ಇಲ್ಲವೇ ಮೇಲೆ ಒಳ್ಳೆಯ ಮಣ್ಣು ಹಾಸಿ ಮುಚ್ಚಬೇಕು. ಮುಚ್ಚಿದ ಕಡೆ ಮಳೆನೀರು ಇಂಗಿಸುವಂತಿಲ್ಲ, ವಿಷ ಕೆಳಗಿಳಿಯುತ್ತದೆ.

ಈಗ ನನ್ನ ತಲೆ ಕೆಡಿಸಿದ ಈ ನೀಲಿ ಚೂರುಗಳು. ಕಾರುಗಳು! ಒಂದು ಕಾರು ನಿಲ್ಲಲು ಎರಡೂವರೆ ಮೀಟರ್ ಅಗಲ, 5 ಮೀಟರ್ ಉದ್ದ ಬೇಕು. ಅಷ್ಟಕ್ಕೇ ಮುಗಿಯಿತೇ? ಒಳಗೆ ಬರುವ, ತಿರುಗಿಸುವ ದಾರಿಯನ್ನೂ ಸೇರಿಸಿದರೆ ಸುಮಾರು 25 ಚದರ ಮೀಟರ್. ಒಬ್ಬರು ವಾಸಿಸುವಷ್ಟು ಜಾಗವನ್ನು ನಿಂತ ಕಾರು ನುಂಗುತ್ತದೆ. ಮನೆಗೊಂದರಂತೆ ಜೋಡಿಸಿ ನೋಡಿದೆ. ಅಂಗಳ ಹೋಯಿತು, ಮಕ್ಕಳ ಆಟದ ಜಾಗ ಹೋಯಿತು, ಎದುರುಬದುರು ಮನೆಗಳು ದೂರವಾದವು. ನೆಲದಡಿ ಇಡೋಣವೆಂದರೆ ಅದೇ ಕೆಟ್ಟ ಮಣ್ಣನ್ನು ಅಗೆಯಬೇಕು. ಆ ಖರ್ಚು ಮನೆಯ ಬೆಲೆಗೆ ಸೇರುತ್ತದೆ, ಕಾರಿಲ್ಲದವರೂ ತೆರಬೇಕು. ಇದೆಲ್ಲಿಯ ನ್ಯಾಯ? ಕೊನೆಗೆ ಎಲ್ಲವನ್ನೂ ಗುಡಿಸಿ ಅಂಚಿನ ಒಂದೇ ಪಾರ್ಕಿಂಗ್ ಕಟ್ಟಡಕ್ಕೆ ತುಂಬಿದೆ. ಬಸ್ ನಿಲ್ದಾಣ ಅದಕ್ಕಿಂತ ಹತ್ತಿರವಿರಬೇಕು, ಇದು ನನ್ನ ಹಠ. ಆಂಬುಲೆನ್ಸ್, ಅಗ್ನಿಶಾಮಕ ವಾಹನ, ನಡೆಯಲಾಗದವರ ಗಾಡಿ ಮಾತ್ರ ಬಾಗಿಲವರೆಗೂ ಬರಲಿ.

ಆಗದ ಮಾತು ಎನ್ನುವವರಿಗೆ ಹೇಳುತ್ತೇನೆ: ಆಮ್‌ಸ್ಟರ್‌ಡ್ಯಾಮಿನಲ್ಲಿ ನೀರು ಸರಬರಾಜು ಸಂಸ್ಥೆಯ ಹಳೆಯ ಆವರಣದಲ್ಲಿ 1990ರ ದಶಕದಲ್ಲೇ ಸುಮಾರು 600 ಮನೆಗಳನ್ನು ಕಟ್ಟಿದರು, ಒಳಗೆ ಕಾರುಗಳಿಲ್ಲ. ಹಳೆಯ ನೀರಿನ ಗೋಪುರವನ್ನೂ ಉಳಿಸಿಕೊಂಡರು. ಸ್ವೀಡನ್ನಿನ ಮಾಲ್ಮೊದಲ್ಲಿ ಹಡಗು ಕಟ್ಟುತ್ತಿದ್ದ ಬಂದರಿನ ಕಡೆ 2001ರ ವಸತಿ ಪ್ರದರ್ಶನಕ್ಕೆ ಎದ್ದ ಬಡಾವಣೆಯ ಓಣಿಗಳು ಬೇಕೆಂದೇ ಸೊಟ್ಟ, ಸಮುದ್ರದ ಗಾಳಿ ನೇರವಾಗಿ ನುಗ್ಗದಿರಲೆಂದು. ಅದನ್ನು ಓದಿದ ಮೇಲೆ ನನ್ನ ನೆಟ್ಟನೆಯ ಬೀದಿಗಳು ಮಂಕಾಗಿ ಕಾಣುತ್ತಿವೆ. ಆದರೂ ಬದಲಿಸುವುದಿಲ್ಲ. ಸರಿ, ಇದೊಂದನ್ನು ಸ್ವಲ್ಪ ಬಾಗಿಸಿಬಿಡುತ್ತೇನೆ.

ಈ ಹೊಗೆಕೊಳವೆ? ಕೆಡವುವುದೇ ಸರಿ ಎಂದುಕೊಂಡಿದ್ದೆ, ದುರಸ್ತಿಗೆ ಸುಮ್ಮನೆ ದುಡ್ಡು ದಂಡ. ಆದರೆ ಬಾಗಿದ ಬೀದಿಯ ತುದಿಗೆ ಇಟ್ಟು ನೋಡಿದರೆ ದಾರಿ ಗುರುತಿಸಲು ಇದಕ್ಕಿಂತ... ಅಯ್ಯೋ, ವಿಡಿಯೊ ಮುಗಿಯುತ್ತಾ ಬಂತು, ಅಂಟು ಒಣಗುವ ಮೊದಲು ಪಾರ್ಕಿಂಗ್ ಕಟ್ಟಡದ ನೆಲಮಹಡಿಗೆ ಅಂಗಡಿಗಳನ್ನು ಸೇರಿಸಬೇಕು, ಬನ್ನಿ.