ಬಿಸಿಯಾದಷ್ಟೂ ಗಟ್ಟಿ

ಕೇಳುಗರೇ, ನಮಸ್ಕಾರ.

ಕಬ್ಬಿಣ ಕಾದಾಗಲೇ ಬಡಿಯಬೇಕು ಅಂತಾರೆ. ಕಾದ ಲೋಹ ಮೆತ್ತಗಾಗುತ್ತದೆ, ಬೇಕಾದ ಹಾಗೆ ಬಾಗುತ್ತದೆ. ಕಮ್ಮಾರನಿಗೆ ಈ ಮಾತು ಸರಿ. ಆದರೆ ಪೆಟ್ಟು ಅತಿ ವೇಗದ್ದಾದರೆ?

ಇಂಗ್ಲೆಂಡಿನ ವಿಜ್ಞಾನಿ ಜಾನ್ ಹಾಪ್ಕಿನ್‌ಸನ್ 1872ರಲ್ಲಿ ಕಬ್ಬಿಣದ ಉದ್ದನೆಯ ತಂತಿಯೊಂದನ್ನು ನೇತುಹಾಕಿದರು. ಅದರ ಕೆಳತುದಿಗೆ ಒಂದು ತಡೆ. ನಡುವೆ ತೂತಿರುವ ಗುಂಡೊಂದನ್ನು ತಂತಿಗುಂಟ ಮೇಲಿನಿಂದ ಜಾರಿಬಿಡುವುದು, ಅದು ತಡೆಗೆ ಬಡಿದಾಗ ತಂತಿ ತುಂಡಾಗುತ್ತದೆಯೇ ಎಂದು ನೋಡುವುದು. ಗುಂಡು ಭಾರವಾದಷ್ಟೂ ಸುಲಭವಾಗಿ ತುಂಡಾಗಬೇಕು, ಅಲ್ವಾ? ಹಾಗಾಗಲಿಲ್ಲ. ಎಷ್ಟು ಎತ್ತರದಿಂದ ಬಿಟ್ಟರು ಅನ್ನುವುದೇ ಮುಖ್ಯವಾಯಿತು. ಗುಂಡಿನ ತೂಕ ಹೆಚ್ಚುಕಮ್ಮಿ ಲೆಕ್ಕಕ್ಕೇ ಬರಲಿಲ್ಲ. ಎತ್ತರ ಅಂದರೆ ಇಲ್ಲಿ ವೇಗ. ಅವರ ಮಗ ಬರ್ಟ್ರಮ್ 1905ರಲ್ಲಿ ಇದನ್ನೇ ಮತ್ತೆ ಮಾಡಿ ನೋಡಿದರು. ನಿಧಾನಕ್ಕೆ ಎಳೆದರೆ ತುಂಡಾಗಿಬಿಡುವಷ್ಟು ಬಲವನ್ನು ಅದೇ ತಂತಿ ಸೆಕೆಂಡಿನ ಸಾವಿರದಲ್ಲೊಂದು ಪಾಲಿನಷ್ಟು ಹೊತ್ತು ತಾಳಿಕೊಂಡಿತು.

ಯಾಕೆ ಹೀಗೆ? ಕಂಬಳಿಹುಳು ನಡೆಯುವುದನ್ನು ನೋಡಿದ್ದೀರಲ್ಲ. ಮೈಯನ್ನೆಲ್ಲ ಒಂದೇ ಸಲ ಎತ್ತಿ ಇಡುವುದಿಲ್ಲ. ಬೆನ್ನ ಮೇಲೆ ಒಂದು ಉಬ್ಬು ಏಳುತ್ತದೆ, ಅದು ಮುಂದಕ್ಕೆ ಸಾಗುತ್ತದೆ, ಹುಳುವೂ ಸಾಗಿರುತ್ತದೆ. ಲೋಹ ಬಾಗುವುದೂ ಹೀಗೆಯೇ. ಅಣುಗಳ ಸಾಲಿನಲ್ಲಿ ಅಲ್ಲಲ್ಲಿ ಜೋಡಣೆ ತಪ್ಪಿದ ಗೆರೆಗಳಿರುತ್ತವೆ, ಅವು ಸರಿಯುತ್ತಾ ಹೋದಂತೆ ಲೋಹ ಬಾಗುತ್ತದೆ. ದಾರಿಯಲ್ಲಿ ಅಡ್ಡಿ ಸಿಕ್ಕರೆ ಗೆರೆ ನಿಲ್ಲುತ್ತದೆ. ಬಿಸಿಯಿಂದ ಅಣುಗಳು ಸದಾ ನಡುಗುತ್ತಿರುತ್ತವಲ್ಲ, ಆ ನಡುಕವೇ ಯಾವಾಗಲೋ ಒಮ್ಮೆ ಗೆರೆಯನ್ನು ಅಡ್ಡಿಯಿಂದ ಆಚೆ ದಾಟಿಸುತ್ತದೆ. ಕಾದ ಲೋಹದಲ್ಲಿ ನಡುಕ ಜಾಸ್ತಿ. ಮೆತ್ತಗಾಗುವುದು ಅದಕ್ಕೇ.

ಆದರೆ ಪೆಟ್ಟು ಅತಿ ವೇಗದ್ದಾಗಿದ್ದರೆ ಗೆರೆಗೆ ಸುಮ್ನೆ ನಿಂತು ಕಾಯಲು ಪುರುಸೊತ್ತೆಲ್ಲಿ? ಅಡ್ಡಿಯನ್ನು ಒಂದೇ ಏಟಿಗೆ ದಾಟಿ ಓಡುತ್ತದೆ. ಹಾಗೆ ಓಡುವಾಗ ಅಣುಗಳ ಅದೇ ನಡುಕ ಎದುರಾಗಿ ಹಿಂದಕ್ಕೆ ಜಗ್ಗುತ್ತದೆ. ಇಷ್ಟು ಹೊತ್ತು ಕೈಹಿಡಿದು ದಾಟಿಸಿದ್ದು ಈಗ ಕಾಲಿಗೆ ತೊಡರುತ್ತದೆ! ಬಿಸಿ ಹೆಚ್ಚಿದಷ್ಟೂ ತೊಡರು ಹೆಚ್ಚು. ಅಂದರೆ ಬಿಸಿ ಮಾಡಿದಷ್ಟೂ ಲೋಹ ಗಟ್ಟಿಯಾಗಬೇಕು.

ಇದನ್ನು ನಂಬುವುದು ಕಷ್ಟ, ನನಗಂತೂ ಕಷ್ಟವಾಗಿತ್ತು. ಅಮೆರಿಕದ ಡೌಡಿಂಗ್ ಮತ್ತು ಶೂ ಎಂಬ ಇಬ್ಬರು ವಿಜ್ಞಾನಿಗಳು 2024ರಲ್ಲಿ ಇದನ್ನು ಮಾಡಿಯೇ ತೋರಿಸಿದರು. ಕೂದಲಿನ ದಪ್ಪಕ್ಕಿಂತ ಎಷ್ಟೋ ಸಣ್ಣದಾದ, ಗಟ್ಟಿ ಅಲ್ಯೂಮಿನಾ ಕಣಗಳನ್ನು ಲೇಸರ್‌ನಿಂದ ಚಿಮ್ಮಿಸಿ ತಾಮ್ರಕ್ಕೆ ಹೊಡೆದರು. ಕಣ ಎಷ್ಟು ವೇಗದಲ್ಲಿ ಬಡಿಯಿತು, ಎಷ್ಟು ವೇಗದಲ್ಲಿ ಪುಟಿದು ಬಂತು, ಎಷ್ಟು ದೊಡ್ಡ ಗುಳಿ ಬಿತ್ತು ಎಂದು ಅಳೆದರು. ಬಿಸಿ ತಾಮ್ರದಲ್ಲಿ ಗುಳಿ ಚಿಕ್ಕದು, ಪುಟಿತ ಜಾಸ್ತಿ. ಚಿನ್ನದಲ್ಲೂ ಟೈಟಾನಿಯಂನಲ್ಲೂ ಹಾಗೆಯೇ ಆಯಿತು.

ಒಂದು ಮಾತು ಬಿಟ್ಟುಹೋಗಬಾರದು. ಇದು ಎದ್ದು ಕಾಣುವುದು ಶುದ್ಧ ಲೋಹದಲ್ಲಿ. ಬೇರೆ ಲೋಹ ಬೆರೆತರೆ ದಾರಿಯ ಅಡ್ಡಿಗಳೂ ಹೆಚ್ಚುತ್ತವೆ, ಆಗ ಕಮ್ಮಾರನ ಲೆಕ್ಕ ಮತ್ತೆ ಮೇಲುಗೈ ಪಡೆಯಬಹುದು. ಇನ್ನು ತಾಮ್ರ 1085 ಡಿಗ್ರಿ ಸೆಲ್ಸಿಯಸ್ ಮುಟ್ಟಿತೋ, ಕರಗಿ ನೀರಾಗುತ್ತದೆ. ಅಲ್ಲಿಗೆ ಗಟ್ಟಿತನದ ಮಾತೇ ಇಲ್ಲ.

ನಮಸ್ಕಾರ.