ತಣ್ಣಗಾಗುವಾಗ ಬಿಯರ್ ಉಸಿರೆಳೆದುಕೊಳ್ಳುತ್ತದೆ

ಈಗ ನೀವು ನೋಡುತ್ತಿರುವುದು ಕಳೆದ ತಿಂಗಳ ಚಿತ್ರ. ಜಯನಗರದ ನಮ್ಮ ಮನೆಯ ಮಹಡಿ ಕೋಣೆ, ರಾತ್ರಿ ಹನ್ನೊಂದೂವರೆ. ಫ್ರಿಜ್ಜಿನ ಬಾಗಿಲು ತೆರೆದು ಕ್ಯಾಮೆರಾವನ್ನು ಏರ್‌ಲಾಕಿನ ಹತ್ತಿರ ಹಿಡಿದಿದ್ದೆ. ಬಿಯರ್ ಡಬ್ಬದ ಮುಚ್ಚಳಕ್ಕೆ ಸಿಕ್ಕಿಸುವ, ಒಳಗಿನ ಅನಿಲ ನೀರಿನ ಮೂಲಕ ಹೊರಹೋಗುವ ಪುಟ್ಟ ಕೊಳವೆಯೇ ಏರ್‌ಲಾಕ್. ಗುಳ್ಳೆಗಳನ್ನು ಗಮನಿಸಿ. ಎರಡು ವಾರ ಒಳಗಿನಿಂದ ಹೊರಗೆ ಬರುತ್ತಿದ್ದವು, ಇಲ್ಲಿ ಹೊರಗಿನಿಂದ ಒಳಗೆ ಹೋಗುತ್ತಿವೆ. ಏರ್‌ಲಾಕಿನ ನೀರು ಅರ್ಧ ಖಾಲಿ. ಆ ನೀರೆಲ್ಲ ನಾನು ಮನೆಯಲ್ಲೇ ಮಾಡಿದ 20 ಲೀಟರ್ ಬಿಯರಿಗೆ ಸೇರಿತ್ತು.

ಹುದುಗುವಿಕೆ ಮುಗಿದ ಬಿಯರನ್ನು ಎರಡು ದಿನ 2 ಡಿಗ್ರಿಯ ಆಸುಪಾಸಿನಲ್ಲಿ ಇಟ್ಟರೆ ತೇಲುತ್ತಿರುವ ಯೀಸ್ಟ್ ತಳದಲ್ಲಿ ಕೂರುತ್ತದೆ, ಬಿಯರ್ ತಿಳಿಯಾಗುತ್ತದೆ. ಇದೇ ಕೋಲ್ಡ್ ಕ್ರ್ಯಾಷ್. ಕೇಳಲು ಬಹಳ ಸುಲಭ. ನನ್ನ ಹೆಚ್ಚಿನ ಬಿಯರ್ ಕೆಟ್ಟಿದ್ದು ಮಾತ್ರ ಈ ಎರಡು ದಿನಗಳಲ್ಲಿಯೇ.

ಬಿಸಿ ಸಾರಿನ ಸ್ಟೀಲ್ ಡಬ್ಬಿಗೆ ಬಿಗಿಯಾಗಿ ಮುಚ್ಚಳ ಹಾಕಿಟ್ಟರೆ, ಆರಿದ ಮೇಲೆ ಅದು ಕಚ್ಚಿಕೊಂಡು ಬಿಡುತ್ತದಲ್ಲ? ಇಲ್ಲಿಯೂ ಒಳಗಿನ ಒತ್ತಡ ಹಾಗೆಯೇ ಕುಸಿಯುತ್ತದೆ. 22 ಡಿಗ್ರಿಯಿಂದ 2 ಡಿಗ್ರಿಗೆ ಇಳಿದರೆ ಬಿಯರಿನ ಮೇಲಿರುವ ಅನಿಲ ಸುಮಾರು ಶೇಕಡಾ 7ರಷ್ಟು ಕುಗ್ಗುತ್ತದೆ. ಬಹಳ ದಿನ ನಾನು ಅಷ್ಟೇ ಎಂದುಕೊಂಡಿದ್ದೆ. ದೊಡ್ಡ ಕಾರಣ ಬೇರೆಯೇ ಇದೆ. ಬಿಯರ್ ತಣ್ಣಗಾದಷ್ಟೂ ಇಂಗಾಲದ ಡೈಆಕ್ಸೈಡನ್ನು ಹೆಚ್ಚು ಕರಗಿಸಿಕೊಳ್ಳುತ್ತದೆ, 2 ಡಿಗ್ರಿಯಲ್ಲಿ ಸುಮಾರು ಎರಡು ಪಟ್ಟು. ಮೇಲಿದ್ದ ಅನಿಲವನ್ನೆಲ್ಲ ಅದು ಕುಡಿಯುತ್ತಾ ಹೋಗುತ್ತದೆ, ಖಾಲಿಯಾದ ಜಾಗಕ್ಕೆ ಹೊರಗಿನ ಗಾಳಿ ನುಗ್ಗುತ್ತದೆ. ಗಾಳಿಯ ಜೊತೆ ಆಮ್ಲಜನಕ. ಆ ಬಿಯರ್ ಮೊದಲ ವಾರ ಚೆನ್ನಾಗಿಯೇ ಇತ್ತು. ಮೂರನೆಯ ವಾರ ಬಾಟಲಿ ತೆರೆದರೆ ಮಳೆಯಲ್ಲಿ ನೆಂದ ರಟ್ಟಿನ ಪೆಟ್ಟಿಗೆಯ ವಾಸನೆ. ಎಷ್ಟು ಸಂಕಟವಾಯಿತೆಂದು ಹೇಳಲಾರೆ.

ಹಾಗೆಂದು ಗಾಳಿ ಹೋಗದಂತೆ ಪೂರ್ತಿ ಮುಚ್ಚಬೇಡಿ. ಪ್ಲಾಸ್ಟಿಕ್ ಡಬ್ಬ ಒಳಕ್ಕೆ ಕುಸಿಯುತ್ತದೆ, ಗಾಜಿನದು ಒಡೆಯಲೂಬಹುದು. ನಾನು ಈಗ ಮಾಡುವುದು ಇಷ್ಟು. ಹುದುಗುವಿಕೆ ಜೋರಾಗಿರುವ ಮೂರನೆಯ ದಿನ, ಹುಟ್ಟುಹಬ್ಬಕ್ಕೆ ತರುವ ಫಾಯಿಲ್ ಬಲೂನುಗಳೆರಡನ್ನು ಕೊಳವೆಯಿಂದ ಜೋಡಿಸುತ್ತೇನೆ. ಬಿಯರಿನ ಅನಿಲವೇ ಅವುಗಳನ್ನು ಉಬ್ಬಿಸುತ್ತದೆ. ಆಮೇಲೆ ಕ್ಲಿಪ್ ಹಾಕಿಡುತ್ತೇನೆ. ತಣ್ಣಗೆ ಮಾಡುವ ದಿನ ಏರ್‌ಲಾಕ್ ತೆಗೆದು ಅದೇ ಬಲೂನುಗಳನ್ನು ಸಿಕ್ಕಿಸುತ್ತೇನೆ. ಅದರ ಉಸಿರು ಅದಕ್ಕೇ ವಾಪಸ್ಸು. ಸಾಮಾನ್ಯ ರಬ್ಬರ್ ಬಲೂನು ಬೇಡ, ಅದು ನಿಧಾನವಾಗಿ ಸೋರುತ್ತದೆ.

ಇನ್ನೊಂದು ತೊಂದರೆ ಕಂಡುಹಿಡಿದವಳು ಅಕ್ಕ. ಒಂದು ಗುಟುಕು ಕುಡಿದು, "ಏನೋ ಇದು, ಬೆಣ್ಣೆ ದೋಸೆ ವಾಸನೆ ಬರುತ್ತಿದೆ?" ಎಂದಳು. ನಾನು ಅವಸರ ಮಾಡಿದ್ದೆನೆಂದು ಒಪ್ಪಿಕೊಂಡೆ. "ಇಡ್ಲಿ ಹಿಟ್ಟು ಉಬ್ಬುವ ಮೊದಲೇ ಫ್ರಿಜ್ಜಿಗೆ ಇಟ್ಟ ಹಾಗಾಯಿತಲ್ಲೋ" ಎಂದಳು. ಅವಳು ಹೇಳಿದ್ದು ಅಕ್ಷರಶಃ ನಿಜ. ಆ ಬೆಣ್ಣೆಯ ವಾಸನೆ ಡೈಅಸಿಟೈಲ್ ಎಂಬ ರಾಸಾಯನಿಕದ್ದು. ಹುದುಗುವಿಕೆಯ ಕೊನೆಯಲ್ಲಿ ಯೀಸ್ಟ್ ತಾನೇ ಅದನ್ನು ತಿಂದು ಮುಗಿಸುತ್ತದೆ, ಆದರೆ ಬೇಗ ತಣ್ಣಗೆ ಮಾಡಿದರೆ ಕೆಲಸ ಬಿಟ್ಟು ಮಲಗುತ್ತದೆ. ಬಿಯರಿನ ಸಾಂದ್ರತೆ ಅಳೆದು ಸಕ್ಕರೆ ಎಷ್ಟು ಉಳಿದಿದೆ ಎಂದು ತಿಳಿಸುವ ಹೈಡ್ರೋಮೀಟರ್ ಮೂರು ದಿನ ಒಂದೇ ಅಂಕಿ ತೋರಿಸುವವರೆಗೆ ಕಾಯಲೇಬೇಕು. ನನ್ನದು 1.018ರಲ್ಲಿತ್ತು. ಡಬ್ಬವನ್ನು ಹೊರಗೆ ತೆಗೆದು 22 ಡಿಗ್ರಿಯಲ್ಲಿ ನಾಲ್ಕು ದಿನ ಇಟ್ಟೆ. 1.012ಕ್ಕೆ ಇಳಿಯಿತು, ಬೆಣ್ಣೆಯೂ ಹೋಯಿತು.

ಫ್ರಿಜ್ 2 ಡಿಗ್ರಿ ಎಂದು ತೋರಿಸಿದರೂ ಯೀಸ್ಟ್ ಕೂರುತ್ತಿಲ್ಲವೇ? ಆ ಅಂಕಿ ಗಾಳಿಯದು, ಬಿಯರಿನದಲ್ಲ. 20 ಲೀಟರ್ ತಣಿಯಲು ನನ್ನ ಹಳೆಯ ಫ್ರಿಜ್ಜಿಗೆ ಒಂದು ದಿನಕ್ಕಿಂತ ಹೆಚ್ಚು ಬೇಕು. ಎಸ್.ಪಿ. ರಸ್ತೆಯಿಂದ ತಂದ ತಾಪಮಾನ ನಿಯಂತ್ರಕದ ಸೆನ್ಸರನ್ನು ಡಬ್ಬದ ಮೈಗೆ ಅಂಟಿಸಿ, ಮೇಲೆ ಥರ್ಮಾಕೋಲ್ ತುಂಡು ಇಟ್ಟಿದ್ದೇನೆ. ಸೊನ್ನೆಗಿಂತ ಕೆಳಗೆ ಇಳಿಸಬೇಡಿ, ಮೈನಸ್ 2ರ ಸುಮಾರಿಗೆ ಬಿಯರ್ ಹೆಪ್ಪುಗಟ್ಟಲು ಶುರುವಾಗುತ್ತದೆ.

ಲೋಟದಲ್ಲಿ ತಣ್ಣಗಿರುವಾಗ ಮಸುಕಾಗಿದ್ದು, ಬೆಚ್ಚಗಾದಂತೆ ತಿಳಿಯಾದರೆ ಅದು ಪ್ರೋಟೀನ್ ಮಸುಕು. ರುಚಿಗೆ ತೊಂದರೆಯಿಲ್ಲ. ಜೆಲಟಿನ್ ಹಾಕಿದರೆ ಹೋಗುತ್ತದೆ, ಆದರೆ ಅದು ಪ್ರಾಣಿಜನ್ಯ, ನಮ್ಮ ಮನೆಗೆ ಬರುವುದಿಲ್ಲ. ನಾನು ಇನ್ನೂ ಒಂದು ವಾರ ತಣ್ಣಗೇ ಬಿಡುತ್ತೇನೆ.

ಇದು ಇವತ್ತು ಸಂಜೆಯ ಚಿತ್ರ. ನಿನ್ನೆ ದಿಂಬಿನಂತೆ ಉಬ್ಬಿದ್ದ ಬಲೂನುಗಳಲ್ಲಿ ಒಂದು ಪೂರ್ತಿ ಚಪ್ಪಟೆಯಾಗಿದೆ, ಇನ್ನೊಂದರ ಅಂಚು ಸುಕ್ಕುಗಟ್ಟುತ್ತಿದೆ. ನಾಳೆ ಬೆಳಿಗ್ಗೆ ಬಾಟಲಿಗೆ ತುಂಬುತ್ತೇನೆ.