ಆಕಾಶ ಅರಿಯಲು ಪಾತಾಳಕ್ಕೆ ಇಳಿದವರು

ಕೇಳುಗರಿಗೆ ನಮಸ್ಕಾರ.

ನಂಜನಗೂಡು ಅಂದರೆ ನಮಗೆ ಮೊದಲು ಶ್ರೀಕಂಠೇಶ್ವರ, ಆಮೇಲೆ ರಸಬಾಳೆ, ಅದಾದ ಮೇಲೆ ಹಲ್ಲುಪುಡಿ. ಈ ಪಟ್ಟಿಗೆ ಇನ್ನೊಂದು ಹೆಸರು ಸೇರಿಸಿಕೊಳ್ಳಿ ಅಂತ ಕೇಳೋದಕ್ಕೇ ಇವತ್ತು ಯಾದವಗಿರಿಯ ಈ ಸ್ಟುಡಿಯೋಗೆ ಬಂದಿದ್ದೇನೆ. ಭೌತವಿಜ್ಞಾನಿ ಬದನವಾಳು ವೆಂಕಟಸುಬ್ಬ ಶ್ರೀಕಂಠನ್. ಊರ ದೇವರ ಹೆಸರೇ ಇವರದೂ. ಹುಟ್ಟಿದ್ದು 1925ರಲ್ಲಿ. ಮೈಸೂರು ವಿಶ್ವವಿದ್ಯಾನಿಲಯದ ಎಂ.ಎಸ್ಸಿ. ಮುಗಿಸಿ, 1948ರಲ್ಲಿ ಬೊಂಬಾಯಿಗೆ, ಹೋಮಿ ಭಾಭಾ ಕಟ್ಟುತ್ತಿದ್ದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಹೋದವರು. ಮುಂದೆ ಅದೇ ಸಂಸ್ಥೆಗೆ 12 ವರ್ಷ ನಿರ್ದೇಶಕರೂ ಆದರು, ಪದ್ಮಭೂಷಣವೂ ಬಂತು. ಅದೆಲ್ಲ ಇರಲಿ. ನನಗೆ ಹೇಳಬೇಕಾಗಿರೋದು ಅವರು ನೆಲದೊಳಗೆ ಮಾಡಿದ ಕೆಲಸ.

ಈಗ ಕೂತಲ್ಲೇ ಅಂಗೈ ಚಾಚಿ. ಸೆಕೆಂಡಿಗೆ ಹೆಚ್ಚುಕಮ್ಮಿ ಒಂದರಂತೆ ಅದರ ಮೂಲಕ ಕಣಗಳು ತೂರಿಹೋಗುತ್ತಿವೆ. ಚುರ್ ಅನ್ನೋದಿಲ್ಲ, ಬಿಸಿಯೂ ಆಗೋದಿಲ್ಲ. ಮ್ಯೂಯಾನ್ ಅಂತ ಅವುಗಳ ಹೆಸರು. ಎಲ್ಲೋ ಬಾಹ್ಯಾಕಾಶದಿಂದ ಹಾರಿಬಂದ ಪ್ರೋಟಾನು ನಮ್ಮ ಗಾಳಿಗೆ ಬಡಿದು ಸಿಡಿದಾಗ ಹುಟ್ಟೋ ಮರಿಗಳು ಇವು. ಆ ಮೂಲ ಕಣಗಳಿಗೆ ವಿಶ್ವಕಿರಣ ಅನ್ನುತ್ತೇವೆ. 1912ರಲ್ಲಿ ವಿಕ್ಟರ್ ಹೆಸ್ ಬಲೂನು ಹತ್ತಿ ಐದು ಕಿಲೋಮೀಟರಿಗೂ ಮೇಲೆ ಹೋಗಿ ಅಳೆದಾಗ, ಮೇಲೇರಿದಷ್ಟೂ ವಿಕಿರಣ ಜಾಸ್ತಿಯಾಯಿತು. ಹಾಗಾದರೆ ಇದು ನೆಲದ್ದಲ್ಲ, ಆಕಾಶದ್ದೇ ಅಂತ ಖಾತ್ರಿಯಾಯಿತು.

ಆಕಾಶದ್ದು ಅಂದ ಮೇಲೆ ಬೆಟ್ಟ ಹತ್ತಬೇಕಲ್ಲವೇ? ಭಾಭಾ ಈ ಹುಡುಗನನ್ನು 1951ರಲ್ಲಿ ಕಳಿಸಿದ್ದು ಕೋಲಾರದ ಚಿನ್ನದ ಗಣಿಗೆ!

ಯಾಕೆ ಅಂತೀರಾ? ಅವ್ವ ರಾಗಿಹಿಟ್ಟು ಜರಡಿ ಹಿಡಿಯೋದನ್ನು ನೆನಪು ಮಾಡಿಕೊಳ್ಳಿ. ಬೇಡದ್ದು ಮೇಲೆ ನಿಲ್ಲುತ್ತೆ, ನುಣ್ಣನೆಯದು ಕೆಳಗೆ ಇಳಿಯುತ್ತೆ. ಗಣಿಯ ಬಂಡೆಯೇ ಇವರ ಜರಡಿ. ಕೇಜಿನಲ್ಲಿ ಕೂತು ಬೇರೆ ಬೇರೆ ಆಳಕ್ಕೆ ಇಳಿದು, ಅಲ್ಲಿಗೆ ಎಷ್ಟು ಮ್ಯೂಯಾನ್ ಮುಟ್ಟುತ್ತವೆ ಅಂತ ಎಣಿಸುತ್ತಾ ಹೋದರು. ಹೆಚ್ಚು ಕಸುವಿರೋದು ಮಾತ್ರ ಹೆಚ್ಚು ಆಳಕ್ಕೆ ಬರುತ್ತೆ. ಅದರ ಮೇಲೇ ಪಿಎಚ್.ಡಿ. ಆಯಿತು. ನಮ್ಮ ಮಂಡ್ಯದವರು ಇಲ್ಲೊಂದು ಮಾತು ಕೇಳಿಸಿಕೊಳ್ಳಬೇಕು: ಆ ಗಣಿಗೆ 1902ರಲ್ಲಿ ಮೊದಲ ವಿದ್ಯುತ್ತು ಹೋಗಿದ್ದು ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ.

ಅರವತ್ತರ ದಶಕದ ಆರಂಭದಲ್ಲಿ ಇವರ ಬಳಗದವರು ಅತ್ಯಂತ ಆಳದಲ್ಲಿ ಉಪಕರಣ ಇಟ್ಟರು. ನೆಲದ ಮೇಲೆ ಒಂದು ಚಾಪೆಯಗಲ ಜಾಗಕ್ಕೆ ಸೆಕೆಂಡಿಗೆ ನೂರಾರು ಮ್ಯೂಯಾನ್ ಬೀಳುತ್ತವೆ. ಆ ಆಳದಲ್ಲಿ ತಿಂಗಳು ಕಳೆದರೂ ಒಂದೂ ಬೀಳಲಿಲ್ಲ. ಬೇರೆ ಕಸುಬಿನವರಾಗಿದ್ದರೆ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಇವರು ಹಿಗ್ಗಿದರು. ಅಷ್ಟು ನಿಶ್ಶಬ್ದ ಇರೋ ಜಾಗ ಸಿಕ್ಕರೆ ನ್ಯೂಟ್ರಿನೋ ಹಿಡಿಯಬಹುದು!

ನ್ಯೂಟ್ರಿನೋ ಭೂಮಿಯನ್ನೇ ತೂರಿಕೊಂಡು ಹೋಗೋ ಕಣ. ಅಪರೂಪಕ್ಕೆ ಬಂಡೆಯಲ್ಲಿ ಎಡವಿದರೆ ಒಂದು ಮ್ಯೂಯಾನ್ ಹುಟ್ಟುತ್ತೆ. ಮೇಲಿನಿಂದ ಬರೋ ಮ್ಯೂಯಾನಿಗೆ ಎರಡು ಕಿಲೋಮೀಟರು ಬಂಡೆ ದಾಟಬೇಕು, ಅಡ್ಡಡ್ಡ ಬರಬೇಕಾದರೆ ಇನ್ನೂ ಎಷ್ಟೋ ಪಾಲು. ಅದು ಆಗದ ಮಾತು. ಹಾಗಾಗಿ ಅಡ್ಡಡ್ಡ ಒಂದು ಗೆರೆ ಕಂಡರೆ ಅದು ನ್ಯೂಟ್ರಿನೋ ಸಂತಾನವೇ. ಕಣ ತೂರಿದರೆ ಮಿಂಚುವ ಪ್ಲಾಸ್ಟಿಕ್ ಹಲಗೆಗಳನ್ನು ಗೋಡೆಯ ಹಾಗೆ ಎದುರುಬದುರು ನಿಲ್ಲಿಸಿ, ನಡುವೆ ನಿಯಾನ್ ಕೊಳವೆ ಜೋಡಿಸಿ ಕಾದರು. ಜಪಾನಿನ ಒಸಾಕಾದವರು, ಇಂಗ್ಲೆಂಡಿನ ಡರ್ಹಮ್‌ನವರು ಜೊತೆಗಿದ್ದರು. 1965ರಲ್ಲಿ ಆ ಗೆರೆ ಕಂಡಿತು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲೂ ಅದೇ ಬೇಟೆ ನಡೆದಿತ್ತು. ಹಿಡಿದಿದ್ದು ಅವರು ಮೊದಲು, ಅಚ್ಚಾಗಿದ್ದು ನಮ್ಮದು ಮೊದಲು, ಎರಡು ವಾರದ ಅಂತರ. ನನಗೆ ಕೇಳಿದರೆ ಇಬ್ಬರಿಗೂ ಸಮಪಾಲು.

ಗಣಿಯಲ್ಲೇ ಅವರು ಕೂತುಬಿಡಲಿಲ್ಲ. ವಿಶ್ವಕಿರಣದ ಕಣಕ್ಕೆ ವಿದ್ಯುದಾವೇಶ ಇರೋದರಿಂದ ದಾರಿಯುದ್ದಕ್ಕೂ ಕಾಂತಕ್ಷೇತ್ರ ಅದನ್ನು ತಿರುಚುತ್ತೆ. ಯಾವ ಊರಿಂದ ಬಂತು ಅಂತ ಅದು ಬಾಯಿಬಿಡೋದಿಲ್ಲ. ಎಕ್ಸ್-ಕಿರಣ, ಗಾಮಾ ಕಿರಣ ಹಾಗಲ್ಲ, ನೇರ ಬರುತ್ತವೆ. ಅದಕ್ಕೇ ಹೈದರಾಬಾದಿನಿಂದ ಬಲೂನು ಹಾರಿಸಿ ಎಕ್ಸ್-ಕಿರಣದ ತಾರೆಗಳನ್ನು ಹುಡುಕಿದ ತಂಡಕ್ಕೂ ಇವರ ಬೆನ್ನಾಸರೆ ಇತ್ತು. ನಿವೃತ್ತಿಯ ಮೇಲೆ ಬೆಂಗಳೂರಿನಲ್ಲಿ ಪ್ರಜ್ಞೆ, ತತ್ತ್ವಶಾಸ್ತ್ರ ಅಂತ ಹೊರಟರು. ಆ ದಾರಿಯಲ್ಲಿ ಹಿಂಬಾಲಿಸುವಷ್ಟು ಶಕ್ತಿ ನನಗಿಲ್ಲ. 2019ರಲ್ಲಿ ತೀರಿಕೊಂಡರು.

ಗಣಿ 2001ರಲ್ಲಿ ಮುಚ್ಚಿತು. ಆದರೆ ಮೈಸೂರಿಂದ ನಂಜನಗೂಡು, ಗುಂಡ್ಲುಪೇಟೆ ದಾಟಿ ಬಸ್ಸು ಹೋಗುತ್ತಲ್ಲ, ಆ ಊಟಿಯಲ್ಲಿ ಎಣಿಕೆ ಇನ್ನೂ ನಡೆದಿದೆ. ಗ್ರೇಪ್ಸ್-3 ಅಂತ ಆ ಪ್ರಯೋಗದ ಹೆಸರು. 2014ರ ಡಿಸೆಂಬರಿನಲ್ಲಿ ಒಂದು ಗುಡುಗಿನ ಮೋಡ ಮೇಲೆ ಹಾದಾಗ ಮ್ಯೂಯಾನ್ ಎಣಿಕೆ ತಗ್ಗಿದ್ದನ್ನೇ ಹಿಡಿದು, ಮೋಡದೊಳಗೆ 130 ಕೋಟಿ ವೋಲ್ಟ್ ಇತ್ತು ಅಂತ ಲೆಕ್ಕ ಹಾಕಿದರು. ಅಲ್ಲಿ ಗಣಿ ಇಲ್ಲ. ಮ್ಯೂಯಾನ್ ಎಣಿಸೋ ಪೆಟ್ಟಿಗೆಗಳ ಮೇಲೆ ಎರಡು ಮೀಟರು ಕಾಂಕ್ರೀಟು ಹೇರಿದ್ದಾರೆ. ಅದೇ ಜರಡಿ, ಕಣ್ಣು ಮಾತ್ರ ದೊಡ್ಡದು.

ನಮಸ್ಕಾರ.